ಎಲ್ಲರ ಮನೆಯಂಥ ಮನೆ

ಹನೂರು
ಭಾನುವಾರ, ೧೪ ಜುಲೈ ೨೦೨೪

ಮುನಿಸಿಕೊಂಡು ಕೂತಿರುವ ನನ್ನ ಅವ್ವನಿಗೆ, ನಿನ್ನ ಮಗಳು ಕವಿತ ಮಾಡುವ ಶರಣು.

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳೋಣವೆಂದರೆ ಫೋನೇ ಎತ್ತುವುದಿಲ್ಲ. ಎದುರುಮನೆ ಮಹಾದೇವಮ್ಮನವರಿಗೆ ಫೋನ್ ಮಾಡಿದರೆ, 'ನಿಮ್ಮವ್ವ ಗುಂಡ್ಕಲ್ಲಂಗವ್ಳೆ, ಬೆಳಿಗ್ಗೆ ತಾನೆ ಹಾಲ್ನೋನ ಮೇಲೆ ರೇಗಾಡ್ತಿದ್ಲು' ಎಂದರು. ಕೇಳಿ ಸಮಾಧಾನವಾಯಿತು. ರೇಗಾಡುವಷ್ಟು ಶಕ್ತಿ ಇದೆ ಅಂದರೆ ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯ ಎಂದಾಯಿತು. ಫೋನ್ ಎತ್ತದವರಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ? ಏಳನೇ ಕ್ಲಾಸಿನವರೆಗೆ ಓದಿದ್ದೀನಿ ಅಂತ ಊರೆಲ್ಲ ಜಂಬ ಕೊಚ್ಚುತ್ತೀಯಲ್ಲ, ಈಗ ಕನ್ನಡಕ ಹಾಕಿಕೊಂಡು ಓದು. ನನ್ನ ಜೊತೆ ಕೆಲಸ ಮಾಡುವ ಮಾಲಿನಿ ನಾಳೆ ಮಾಂಬಳ್ಳಿಗೆ ಬಂದು ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಅವಳಿಗೆ ಕಾಫಿ ಕೊಡದೆ ಕಳಿಸಬೇಡ. ಕೋಪ ಇರುವುದು ನನ್ನ ಮೇಲೆ ತಾನೆ.

ಹನೂರಿನಲ್ಲಿ ಆಫೀಸಿನ ಕೆಲಸವಿದೆ, ಮಾಲಿನಿಯ ತವರುಮನೆಯಲ್ಲಿ ಉಳಿದುಕೊಂಡಿದ್ದೇನೆ ಎಂದು ಮೆಸೇಜ್ ಹಾಕಿದ್ದೆ. ಉಳಿದುಕೊಂಡಿರುವುದು ನಿಜ. ಆಫೀಸಿನ ಕೆಲಸ ಎನ್ನುವುದನ್ನು ನೀನು ಒಂದು ಚಣವೂ ನಂಬಿರುವುದಿಲ್ಲ. ನಾನು ಅಕ್ಕನನ್ನು ಹುಡುಕಿಕೊಂಡು ಬಂದೆ ಅವ್ವ. 'ಅವ್ಳ ಉಡುಕ್ಕಂಡು ಓದ್ರೆ ಇಂದಕ್ಕೆ ಬರ್ಬೇಡ ಕಣೆ' ಅಂತ ನಾನು ಹೊರಡುವಾಗ ನೀನು ಬಾಗಿಲಲ್ಲಿ ನಿಂತು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಕೂಗಿದ್ದು ಕೇಳಿಸಿಯೂ ಬಂದೆ. ಅದಕ್ಕೇ ಮೊದಲು ಬೈದು ಮುಗಿಸಿಬಿಡು, ಆಮೇಲೆ ಮುಂದಕ್ಕೆ ಓದು.

ಬೈದೆಯಾ? ಸರಿ.

ನಾನು ನಿನ್ನ ಸಾಕುಮಗಳು ಎನ್ನುವುದನ್ನು ನೀನು ಎಂದೂ ಮುಚ್ಚಿಡಲಿಲ್ಲ. ಪಾಲಾರ್ ಕಡೆ ಹೆತ್ತವರಿಬ್ಬರೂ ತೀರಿಹೋಗಿ ಒಂದು ಮನೆಯಲ್ಲಿ ಒಬ್ಬಳೇ ಉಳಿದಿದ್ದ ನನ್ನನ್ನು, ಹುಣಸೆಹಣ್ಣು ಕೊಳ್ಳಲು ಹೋಗಿದ್ದ ಅಪ್ಪ ಎತ್ತಿಕೊಂಡು ಬಂದರು. ನೀನು ಆ ಕಡೆ ಕಾಲೇ ಇಟ್ಟವಳಲ್ಲ. ಚಿಕ್ಕಂದಿನಿಂದ ನಾನು ಕೇಳುತ್ತಾ ಬಂದ ಕಥೆ ಇದು, ನನಗೆ ಇದರಲ್ಲಿ ಯಾವ ಕೊರತೆಯೂ ಕಂಡಿರಲಿಲ್ಲ. ಹೋದ ವರ್ಷ ಅಪ್ಪ ಕಾಲು ಮುರಿದುಕೊಂಡು ಮಲಗಿದ್ದಾಗ ಟಿ.ವಿ. ನೋಡುತ್ತಾ ನೋಡುತ್ತಾ, 'ನಿಮ್ಮಕ್ಕಂಗೂ ಈಗ ಮಕ್ಳು ಮರಿ ಆಗಿರ್ಬೇಕು' ಎಂದುಬಿಟ್ಟರು. ದಾಳಿಂಬೆ ಬಿಡಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಯಾವ ಅಕ್ಕ ಎಂದೆ. ಅವರು ನನ್ನ ಮುಖ ನೋಡಿ, ಚಾನೆಲ್ ಬದಲಾಯಿಸು ಎಂದರು. ಆಮೇಲೆ ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲ, ಕಾರ್ತೀಕದಲ್ಲಿ ಹೋಗಿಯೇಬಿಟ್ಟರು. ನಿನ್ನನ್ನು ಕೇಳಿದರೆ, ನೋವಿನ ಮಾತ್ರೆ ನುಂಗಿ ನುಂಗಿ ತಲೆ ಕೆಟ್ಟು ಏನೋ ಅಂದವ್ರೆ ಎಂದೆ.

ಒಬ್ಬಳು ಅಕ್ಕ ಇದ್ದಾಳೋ ಇಲ್ಲವೋ ತಿಳಿಯದೆ ನಾನು ಹೇಗೆ ಸುಮ್ಮನಿರಲಿ ಹೇಳು? ನಿನಗೇ ಗೊತ್ತಲ್ಲ, ಪಕ್ಕದ ಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ತಿಳಿಯದಿದ್ದರೂ ನಿದ್ದೆ ಬಾರದ ಜನ್ಮ ನನ್ನದು.

ನನ್ನ ಹತ್ತಿರ ಇದ್ದದ್ದು ಆ ಮನೆಯ ನೆನಪೊಂದೇ. ಇಡೀ ದಿನ ಕೊಳ್ಳೇಗಾಲದ ಆಫೀಸಿನಲ್ಲಿ ಕೂತು ಕಂಡವರ ಮನೆಗೆ ಪ್ಲಾನ್ ಬರೆಯುವವಳು ನಾನು, ನನ್ನ ಮನೆಯ ಪ್ಲಾನ್ ಬರೆಯಲು ಎಷ್ಟು ಹೊತ್ತು? ಕಣ್ಣು ಮುಚ್ಚಿ ನೆನಪಿಸಿಕೊಂಡು ಬರೆದೆ. ಪೂರ್ವಕ್ಕೆ ಬಾಗಿಲು, ಬಾಗಿಲ ಎರಡೂ ಕಡೆ ಜಗಲಿ, ಪಡಸಾಲೆ, ನಡುಮನೆ, ಈಶಾನ್ಯಕ್ಕೆ ದೇವರ ಮನೆ. ಹಿತ್ತಲಲ್ಲಿ ಬಾವಿ, ಬಟ್ಟೆ ಒಗೆಯುವ ಕಲ್ಲು, ಒಂದು ನಿಂಬೆ ಗಿಡ. ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಒಂದು ಬಸ್ಸಿನ ಸೀಟು. ಆ ಸೀಟಿನ ಮೇಲೆ ಹೆತ್ತವ್ವ ಕೂತಿದ್ದಾಳೆ, ನಾನು ಅವಳ ತೊಡೆಯ ಮೇಲೆ. ಅವಳು ನನ್ನ ತಲೆ ಬಾಚುತ್ತಿದ್ದಾಳೆ, ಸಿಕ್ಕು ಎಳೆದು ನೋಯುತ್ತಿದೆ, ನಿಂಬೆಹಣ್ಣಿನ ವಾಸನೆ ಬರುತ್ತಿದೆ. ಹೆತ್ತವ್ವನದೆಂದು ನನ್ನ ಹತ್ತಿರ ಇದ್ದದ್ದು ಅಷ್ಟೇ. ನಿನಗೆ ನೋವಾದೀತೆಂದು ಈ ತೊಡೆಯ ವಿಷಯ ನಿನ್ನ ಹತ್ತಿರ ಎಂದೂ ಆಡಿರಲಿಲ್ಲ.

ಆ ಪ್ಲಾನ್ ಹಿಡಿದುಕೊಂಡು ಮೇ ತಿಂಗಳಲ್ಲಿ ಕೌದಳ್ಳಿ, ರಾಮಾಪುರ ಸುತ್ತಿ ಬಂದೆ. (ಮಾಲಿನಿಯ ನೆಂಟರ ಮದುವೆ ಅಂದಿದ್ದೆನಲ್ಲ, ಅದು ಇದೇ.) ನಗಬೇಡ, ಯಾರಿಗೆ ತೋರಿಸಿದರೂ ಅವರಿಗೆ ಆ ಮನೆ ಗೊತ್ತು! ಒಬ್ಬರು ಇದು ನಮ್ಮ ಚಿಕ್ಕಪ್ಪನ ಮನೆಯಲ್ವಾ ಎಂದರು. ಇನ್ನೊಬ್ಬರು ತಮ್ಮ ಮಾವನ ಮನೆಗೇ ಕರೆದುಕೊಂಡು ಹೋಗಿ, ಟೀ ಕುಡಿಸಿ, ನಾನು ಬ್ಯಾಂಕ್ ಲೋನಿನವಳಲ್ಲ ಎಂದು ತಿಳಿದ ಮೇಲೆ ಪೆಚ್ಚಾದರು. ಎಲ್ಲ ಮನೆಗೂ ಜಗಲಿ, ಎಲ್ಲ ಹಿತ್ತಲಿಗೂ ಕಲ್ಲು. ಬಸ್ಸಿನ ಸೀಟಿನ ವಿಷಯ ಮಾತ್ರ ನಾನೇ ಯಾರಿಗೂ ಹೇಳಲಿಲ್ಲ. ಹೇಳಿದರೆ ಹುಚ್ಚಿ ಅನ್ನುತ್ತಾರೆ ಎಂದು ಪ್ಲಾನಿನಲ್ಲಿ ಅದನ್ನು ಅಳಿಸಿಯೇ ತೆಗೆದುಕೊಂಡು ಹೋಗಿದ್ದೆ. ಬರಿಗೈಯಲ್ಲಿ ವಾಪಸ್ಸು ಬಂದೆ.

ಹೋದ ತಿಂಗಳು ನಮ್ಮ ಆಫೀಸಿಗೆ ಧನಗೆರೆಯ ಬಸವೇಶ ಎನ್ನುವವರು ಬಂದರು. ಹಳೇ ಮನೆಯ ಅಡುಗೆಮನೆಯನ್ನು ದೊಡ್ಡದು ಮಾಡಬೇಕಂತೆ. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿ ಇದ್ದವರು, ಕುರ್ಚಿಯಲ್ಲಿ ಕೂತಲ್ಲೇ ಎಲ್ಲ ಹೇಳಿ ಬರೆಸಿದರು. ಒಲೆಯ ಮೇಲ್ಗಡೆ ಕಿಟಕಿ ಇದೆ, ಅದನ್ನು ಮಾತ್ರ ಮುಟ್ಟಬೇಡಿ ಎಂದರು. ಅಳತೆಗೆ ಹೋಗಿ ನೋಡಿದರೆ ಕಿಟಕಿಯೇ ಇಲ್ಲ! ಮಸಿ ಹಿಡಿದ ಗೋಡೆ, ಅದರಲ್ಲೊಂದು ಗೂಡು. ಆ ಮನುಷ್ಯ ಗೋಡೆಯ ಮುಂದೆ ನಿಂತು, 'ಅಯ್ಯೋ, ಇಲ್ಲೊಂದು ಕಿಟ್ಕಿ ಇತ್ತಲ್ರೀ!' ಎಂದು ನಮ್ಮ ಮೇಲೆಯೇ ರೇಗಿದರು, ನಾವೇನೋ ಕಿತ್ತುಕೊಂಡು ಹೋದವರ ಹಾಗೆ. ಒಳಗಿನಿಂದ ಅವರ ಹೆಂಡತಿ, 'ಇದ್ದಿದ್ರೆ ನಾನ್ಯಾಕ್ ಇಷ್ಟು ವರ್ಸ ಒಗೆ ಕುಡೀತಿದ್ದೆ' ಎಂದರು. ಅವರ ಅಕ್ಕತಂಗಿಯರ ಮನೆಗಳಲ್ಲೆಲ್ಲ ಒಲೆಯ ಮೇಲೆ ಕಿಟಕಿ ಇದೆಯಂತೆ. ಅಲ್ಲಿನ ಕಿಟಕಿಯನ್ನು ಇವರು ತಲೆಯಲ್ಲೇ ತಂದು ಇಲ್ಲಿ ಕೂರಿಸಿಕೊಂಡಿದ್ದರು.

ಆವತ್ತಿನಿಂದ ನನಗೆ ಒಂದು ಹುಚ್ಚು ಹಿಡಿಯಿತು. ನಮ್ಮ ಇಂಜಿನಿಯರ್ ಶಾಂತಮೂರ್ತಿ ಸಾರ್ ರೂಮಿನಿಂದ ಹೊರಗೆ ಬಂದವರನ್ನೆಲ್ಲ ಹಿಡಿದು, ಒಳಗೆ ಗೋಡೆ ಗಡಿಯಾರದಲ್ಲಿ ಎಷ್ಟಾಗಿತ್ತು ಎಂದು ಕೇಳುತ್ತಿದ್ದೆ. ಹನ್ನೊಂದು ಆಗಿರ್ಬೇಕು, ಸರಿಯಾಗಿ ನೋಡ್ಲಿಲ್ಲ ಎನ್ನುತ್ತಿದ್ದರು. ಆ ರೂಮಿನಲ್ಲಿ ಗಡಿಯಾರವೇ ಇಲ್ಲ ಎಂದು ಒಬ್ಬರೂ ಹೇಳಲಿಲ್ಲ. ಅವರನ್ನು ಆಡಿಕೊಳ್ಳುವುದೇಕೆ, ದಿನಾ ಆ ರೂಮಿಗೆ ಹೋಗಿ ಬರುವ ಮಾಲಿನಿಯೇ ಬಾಗಿಲ ಮೇಲೆ ಇದೆ ಎಂದು ಪಂದ್ಯ ಕಟ್ಟಿ ಸೋತಳು. ಆಫೀಸು ಎಂದ ಮೇಲೆ ಗಡಿಯಾರ ಇರಲೇಬೇಕಲ್ಲ. ಕಣ್ಣು ನೋಡದೆ ಬಿಟ್ಟದ್ದನ್ನು ತಲೆ ತಾನೇ ತುಂಬಿಸಿ ಕೊಡುತ್ತದೆ ಅವ್ವ, ಅದೂ ನಮ್ಮನ್ನು ಒಂದು ಮಾತು ಕೇಳದೆ.

ಮನೆಗೆ ಬಂದು ನನ್ನ ಪ್ಲಾನ್ ಹರಡಿಕೊಂಡು ಕೂತೆ. ನಾಲ್ಕು ವರ್ಷದ ಮಗುವಿಗೆ ಈಶಾನ್ಯ ಎಲ್ಲಿ ಗೊತ್ತಿರುತ್ತದೆ? ಪೂರ್ವದ ಬಾಗಿಲು ಎಲ್ಲಿ ಗೊತ್ತಿರುತ್ತದೆ? ನೋಡುತ್ತಾ ನೋಡುತ್ತಾ ಹೊಳೆಯಿತು, ಅದು ಮಾಂಬಳ್ಳಿಯ ನಮ್ಮ ಮನೆಯೇ. ನೀನು ದಿನಾ ಗುಡಿಸುವ ಪಡಸಾಲೆ, ನೀನು ನೀರು ಸೇದುತ್ತಿದ್ದ ಬಾವಿ. ಎಡಕ್ಕಿದ್ದದ್ದನ್ನು ಬಲಕ್ಕೆ ಇಟ್ಟು ನಾನು ಬೇರೆ ಮನೆ ಎಂದುಕೊಂಡಿದ್ದೆ.

ಪೆನ್ಸಿಲ್ ತೆಗೆದುಕೊಂಡು, ಯಾರ ಮನೆಯಲ್ಲಾದರೂ ಇರಬಹುದಾದದ್ದನ್ನೆಲ್ಲ ಹೊಡೆದುಹಾಕಿದೆ. ಜಗಲಿ ಹೋಯಿತು, ದೇವರ ಮನೆ ಹೋಯಿತು, ಬಾವಿ ಹೋಯಿತು. ನಿಂಬೆ ಗಿಡವನ್ನು ಹೊಡೆಯಲು ಮನಸ್ಸು ಬರಲಿಲ್ಲ, ಅದರ ವಾಸನೆ ಅಷ್ಟು ನಿಜ. ಕೊನೆಗೆ ಉಳಿದದ್ದು ಆ ಗಿಡ, ಆ ತೊಡೆ, ಮತ್ತೆ ಯಾರ ಮನೆಯಲ್ಲೂ ಇಲ್ಲದ ಆ ಬಸ್ಸಿನ ಸೀಟು. ಹಸಿರು ರೆಕ್ಸಿನ್, ಒಂದು ಕಡೆ ಹರಿದು ನಾರು ಹೊರಗೆ ಬಂದಿತ್ತು, ಅದು ಕಾಲಿಗೆ ಚುಚ್ಚುತ್ತಿತ್ತು. ಬೇರೆ ಯಾವ ಮನೆಯಲ್ಲೂ ನಾನು ಅಂಥದ್ದನ್ನು ನೋಡಿಲ್ಲ. ಹಾಗಾದರೆ ಅದನ್ನು ನನ್ನ ತಲೆ ಎಲ್ಲಿಂದ ತಂದು ಕೂರಿಸಲು ಸಾಧ್ಯ? ಚಿಕ್ಕವಳಿದ್ದಾಗ ನಿನಗೆ ಹೇಳಿದ್ದೆ, ನಮ್ಮ ಮನೇಲಿ ಬಸ್ ಸೀಟಿತ್ತು ಅಂತ. ನೀನು ನಗಾಡಿ, ಬಸ್ಸಲ್ಲಿ ಬಂದದ್ನ ಮನೆ ಅನ್ಕಂಡಿದ್ದೀಯ ಕಣೆ ಅಂದಿದ್ದೆ. ನಾನು ಅದನ್ನೇ ನಂಬಿದ್ದೆ.

ನಿನ್ನೆ ಬೆಳಿಗ್ಗೆ ಹನೂರು ಬಸ್‌ಸ್ಟ್ಯಾಂಡಿನಲ್ಲಿ ಪಾಲಾರ್ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಒಬ್ಬರು ಸಿಕ್ಕರು. ಮಂಟೇಸ್ವಾಮಿ ಅಂತ, ತಲೆ ನೆರೆತವರು. ನಾಚಿಕೆ ಬಿಟ್ಟು ಕೇಳಿದೆ, ನಿಮ್ಮ ರೂಟಿನಲ್ಲಿ ಮನೆಯೊಳಗೆ ಬಸ್ಸಿನ ಸೀಟು ಹಾಕಿಕೊಂಡಿದ್ದವರು ಯಾರಾದರೂ ಇದ್ದರಾ ಎಂದು. ಅವರು ಗಹಗಹಿಸಿ ನಕ್ಕರು. 'ಸೀಟ್ ಕೇತಯ್ಯನ್ನ ಕೇಳ್ತಿದ್ದೀಯಾ? ಅವ್ನು ಓಗ್ಬುಟ್ಟು ಕಾಲಾಯ್ತು ಕಣವ್ವ. ಅವ್ನ ಮಗ್ಳು ಪಾಲಾರ್ ಸೇತ್ವೆ ತಾವು ಮೀನಂಗ್ಡಿ ಮಡ್ಗವ್ಳೆ, ಬಸ್ಸತ್ತು, ನಾನೇ ಇಳಿಸ್ತೀನಿ' ಎಂದರು. ಹಿಂದೆ ಒಂದು ಬಸ್ಸು ಘಾಟಿಯಲ್ಲಿ ಉರುಳಿತ್ತಂತೆ. ಅದನ್ನು ಮೇಲೆತ್ತಲು ಹಗ್ಗ ಎಳೆದವರಲ್ಲಿ ಕೇತಯ್ಯನೂ ಒಬ್ಬ. ಏನು ಬೇಕೋ ತಗೋ ಎಂದದ್ದಕ್ಕೆ ಒಂದು ಸೀಟನ್ನು ತಲೆಯ ಮೇಲೆ ಹೊತ್ತುಕೊಂಡು ಹೋದನಂತೆ. ಹೆಂಡತಿ ಕೂತುಕೊಳ್ಳಲಿ ಅಂತ.

ಬಸ್ಸು ಬೆಟ್ಟ ಹತ್ತಿ ಇಳಿಯುವವರೆಗೂ ಕಿಟಕಿಯಿಂದ ಹೊರಗೇ ನೋಡುತ್ತಿದ್ದೆ. ಆ ದಾರಿಯ ಒಂದು ತಿರುವೂ ನನಗೆ ನೆನಪಿನಲ್ಲಿಲ್ಲ ಎಂದು ಭಯವಾಯಿತು. ಸಿನಿಮಾದಲ್ಲಾದರೆ ಗಾಳಿ ಬೀಸಿ, ಊರು ಕಂಡ ಕೂಡಲೇ ಎಲ್ಲ ನೆನಪಾಗುತ್ತದೆ. ನನಗೆ ಏನೂ ಆಗಲಿಲ್ಲ. ಸೇತುವೆ, ಮರಳು, ಚೆಕ್‌ಪೋಸ್ಟು, ಅರ್ಧ ತಮಿಳು ಅರ್ಧ ಕನ್ನಡದ ಬೋರ್ಡುಗಳು. ಸೇತುವೆಯ ಈಚೆ ಕಡೆ ತಗಡಿನ ಚಪ್ಪರದ ಕೆಳಗೆ ಒಬ್ಬಳು ಕೂತು ಮೀನು ಕೆರೆಯುತ್ತಿದ್ದಳು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ. ತಿಂದೆಯಾ ಎಂದು ಕೇಳುತ್ತೀಯ. ಆ ವಿಷಯ ಈ ಕಾಗದದಲ್ಲಿ ಬರೆಯುವುದಿಲ್ಲ.

ನಾನು ಮನೆಗಳ ಬಗ್ಗೆ ವಿಚಾರಿಸುವವಳು ಎಂದು ಹೇಳಿ, ನಿಮ್ಮ ಹಳೇ ಮನೆಗೆ ಜಗಲಿ ಇತ್ತಾ ಎಂದು ಕೇಳಿದೆ. ಇಲ್ಲ ಎಂದಳು, ತಲೆ ಎತ್ತದೆ. ಬಾವಿ? 'ಬಾವಿ ಎಲ್ಲಿ ಬಂತು ನಮ್ಗೆ, ಒಳೆ ನೀರು.' ದೇವರ ಮನೆ? 'ದೇವ್ರು ಬೆಟ್ಟದ ಮೇಲವ್ನಲ್ಲ, ಮನ್ಯಾಕೆ?' ನಡುಮನೆ, ಪಡಸಾಲೆ? ಈಗ ತಲೆ ಎತ್ತಿದಳು. ಬಿದಿರು ತಟ್ಟಿಗೆ ಮಣ್ಣು ಮೆತ್ತಿದ ಒಂದೇ ಕೋಣೆ, ಹುಲ್ಲಿನ ಸೂರು, ನಾವು ಸೋಲಿಗರು, ನಮ್ಮ ಮನೆಯಲ್ಲಿ ಇವೆಲ್ಲ ಯಾಕೆ ಕೇಳುತ್ತೀಯ ಎಂದು ರೇಗಿದಳು. ಮನೆಯೊಳಗೆ ಒಂದು ಬಸ್ಸಿನ ಸೀಟಿತ್ತಾ, ಹಸಿರುದು, ಹರಿದದ್ದು ಎಂದೆ. ಅವಳು ಕತ್ತಿ ಕೆಳಗಿಟ್ಟಳು. ಒಳಗಿನಿಂದ ಅವಳ ಗಂಡ ತಮಿಳಿನಲ್ಲಿ ಯಾರದು ಎಂದು ಕೇಳಿದ. ಅವಳು ನನ್ನ ಮೇಲಿನ ಕಣ್ಣು ತೆಗೆಯದೆ, 'ಎನ್ ತಂಗಚ್ಚಿ' ಎಂದಳು. ತಂಗಿ ಎನ್ನುವುದು ತಿಳಿಯಲು ನನಗೆ ಅಷ್ಟು ತಮಿಳು ಸಾಕಾಯಿತು.

ಅವಳ ಹೆಸರು ರೂಪ. ನನ್ನನ್ನು ಮಾದಿ ಎಂದು ಕರೆದಳು. ಆ ಹೆಸರು ಕೇಳಿ ಮೈ ಜುಮ್ಮೆನ್ನಬೇಕಿತ್ತು, ನಿಜ ಹೇಳಬೇಕೆಂದರೆ ಯಾರನ್ನೋ ಕರೆಯುತ್ತಿದ್ದಾಳೆ ಅನ್ನಿಸಿತು. ನನಗೆ ಕವಿತ ಎಂದು ಕರೆದರೇನೇ ತಿರುಗಿ ನೋಡುವ ಅಭ್ಯಾಸ. ಅಳು ಬಂದದ್ದು ಆಮೇಲೆ, ಅವಳು ಕೈ ತೊಳೆದುಕೊಂಡು ಬಂದು, ಮುಟ್ಟಲೋ ಬೇಡವೋ ಎಂದು ಅನುಮಾನಿಸುತ್ತಾ ಸೆರಗಿನಲ್ಲಿ ಮತ್ತೆ ಮತ್ತೆ ಕೈ ಒರೆಸಿಕೊಳ್ಳುವಾಗ. ನಾನೇ ಹೋಗಿ ತಬ್ಬಿಕೊಂಡೆ.

ನೀನು ಯಾಕೆ ಅಷ್ಟು ಹೆದರಿದೆ ಎನ್ನುವುದು ನನಗೆ ಈಗ ಅರ್ಥವಾಗುತ್ತಿದೆ ಅವ್ವ. ಐನೋರನ್ನು ಕರೆಸಿ ನನಗೆ ಲಿಂಗ ಕಟ್ಟಿಸುವಾಗ, ಇವಳು ನನ್ನ ತವರು ಕಡೆಯ ಮಗು ಎಂದು ನೆಂಟರಿಗೆಲ್ಲ ಹೇಳಿದೆಯಂತಲ್ಲ, ಮಹಾದೇವಮ್ಮನವರು ಒಮ್ಮೆ ಬಾಯಿ ತಪ್ಪಿ ಅಂದಿದ್ದರು. ಸೋಲಿಗರ ಮಗು ಎಂದಿದ್ದರೆ ಆ ನೆಂಟರು ನಮ್ಮ ಮನೆಯಲ್ಲಿ ಎಲೆ ಹಾಕಿಕೊಂಡು ಕೂರುತ್ತಿದ್ದರೋ ಇಲ್ಲವೋ. ನನ್ನನ್ನು ಉಳಿಸಿಕೊಳ್ಳಲು ನೀನು ಎಷ್ಟು ಸುಳ್ಳು ಕಟ್ಟಬೇಕಾಯಿತು ಎಂದು ಯೋಚಿಸಿ ಸಿಟ್ಟು ಬಂತು, ನಿನ್ನ ಮೇಲಲ್ಲ, ಆ ನೆಂಟರ ಮೇಲೆ.

ಅಕ್ಕ ಎಲ್ಲ ಹೇಳಿದಳು. ಮಳೆಗಾಲದಲ್ಲಿ ಜ್ವರ ಬಂದು ನಮ್ಮವ್ವ ತೀರಿಕೊಂಡಳಂತೆ. ಅಪ್ಪ ಕೇತಯ್ಯ ಕೂಲಿಗೆ ಹೋದರೆ ಮನೆಯಲ್ಲಿ ಕಣ್ಣು ಕಾಣದ ಅಜ್ಜಿ ಬೊಮ್ಮಮ್ಮ ಮತ್ತು ನಾವು. ಬೇಸಗೆಗೆ ಹುಣಸೆಹಣ್ಣಿನ ವ್ಯಾಪಾರಿ ಬಂದಾಗ, ಚಿಕ್ಕದನ್ನು ಸಾಕ್ಕತೀರಾ ಸ್ವಾಮಿ ಎಂದು ಕೇತಯ್ಯನೇ ಕೇಳಿದನಂತೆ. ಆ ವ್ಯಾಪಾರಿಯೇ ನನ್ನ ಅಪ್ಪ ಶಿವರುದ್ರಸ್ವಾಮಿ. ಅವರು ಮುಂದಿನ ವಾರ ಹೆಂಡತಿಯನ್ನು ಕರೆದುಕೊಂಡು ಬಂದರಂತೆ.

ನಾನು ಅಲ್ಲಿಗೇ ತಡೆದೆ. ನಮ್ಮವ್ವ ಮಳೆಗಾಲದಲ್ಲೇ ಸತ್ತಿದ್ದರೆ, ಸೀಟಿನ ಮೇಲೆ ನನ್ನನ್ನು ಕೂರಿಸಿಕೊಂಡು ತಲೆ ಬಾಚಿದವಳು ಯಾರು, ಹಿತ್ತಲಲ್ಲಿ ನಿಂಬೆ ಗಿಡ ಇರಲಿಲ್ಲವಾ ಎಂದೆ. ಅಕ್ಕನಿಗೆ ನಗು ಬಂತು. ಗುಡ್ಡದ ಕಲ್ಲಿನಲ್ಲಿ ನಿಂಬೆ ಗಿಡ ಎಲ್ಲಿಂದ ಬರಬೇಕು? 'ಬಂದಿದ್ರಲ್ಲ ಆಯಮ್ಮ, ಅವ್ರ ಕೈಲಿತ್ತು ನಿಂಬೆಣ್ಣು. ಬಸ್ಸಲ್ಲಿ ವಾಂತಿ ಮಾಡ್ಕಂಡು ಸೋತೋಗಿದ್ರು, ಮೂಸ್ಕಂಡು ಮೂಸ್ಕಂಡು ಕೂತಿದ್ರು. ಸೀಟಿನ ಮೇಲೆ ನಾವ್ಯಾರೂ ಕೂರ್ತಿರ್ಲಿಲ್ಲ, ಅವ್ವ ಓದ್ಮೇಲೆ ಅದು ನೆಂಟ್ರಿಗೆ. ಅವ್ರನ್ನ ಕೂರ್ಸಿದ್ವಿ. ನಿನ್ನ ತೊಡೆ ಮೇಲ್ ಎತ್ತಾಕ್ಕಂಡು, ಚೀಲದಿಂದ ಬಾಚಣ್ಗೆ ತಕಂಡು, ಸಿಕ್ಕೆಲ್ಲ ಬುಡ್ಸಿದ್ರು' ಎಂದಳು.

ಅವ್ವ, ಯಳಂದೂರಿನಿಂದ ಚಾಮರಾಜನಗರಕ್ಕೆ ಹೋಗಲು ಎರಡು ನಿಂಬೆಹಣ್ಣು ಹಿಡಿದುಕೊಳ್ಳುವವರು ಈ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ? ನನ್ನನ್ನು ಶಾಲೆಗೆ ಸೇರಿಸಲು ಬರುವಾಗಲೂ ವಾಂತಿ ಮಾಡಿಕೊಂಡು ಮೇಷ್ಟ್ರ ಮುಂದೆ ಸೋತು ಕೂತಿದ್ದವಳು ಯಾರು? ಬೆಟ್ಟ ಹತ್ತಿ ಇಳಿದು, ಆ ಕಾಲದಲ್ಲಿ, ಸಂಜೆಯಾದರೆ ಒಂದು ಬಸ್ಸೂ ಓಡದ ಆ ರಸ್ತೆಯಲ್ಲಿ, ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿಕೊಂಡು ಬಂದು, ಬಂದ ತಕ್ಷಣ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡೆಯಲ್ಲ. ಕಾಲೇ ಇಟ್ಟಿಲ್ಲ ಅಂದೆಯಲ್ಲೇ!

ನಾನು ಚಪ್ಪರದ ಕೆಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕ ಗಾಬರಿಯಾಗಿ ಸೋಡಾ ಒಡೆದು ತಂದಳು. ಇಷ್ಟು ವರ್ಷ ನಾನು ಹೆತ್ತವ್ವನದು ಎಂದು ಜೋಪಾನ ಮಾಡಿಕೊಂಡು, ನಿನ್ನಿಂದ ಬಚ್ಚಿಟ್ಟುಕೊಂಡು, ನೀನು ಬೈದ ದಿನ ಗೋಡೆಗೆ ಮುಖ ಮಾಡಿ ಮಲಗಿ ನೆನಪಿಸಿಕೊಳ್ಳುತ್ತಿದ್ದ ಆ ತೊಡೆ ನಿನ್ನದು. ಬಾಚಣಿಗೆ ನಿನ್ನದು. ಮನೆಯಲ್ಲಿ ಕೂತು ಮಗುವಿನ ತಲೆ ಬಾಚುವವಳು ಹೆತ್ತವ್ವನೇ ಇರಬೇಕು ಎಂದು ತಲೆ ತೀರ್ಮಾನ ಮಾಡಿತು. ನಿಂಬೆಯ ವಾಸನೆಯನ್ನು ಎಲ್ಲಿಡುವುದು ಎಂದು ತಿಳಿಯದೆ ಹಿತ್ತಲಲ್ಲಿ ಒಂದು ಗಿಡ ನೆಟ್ಟು ಕೊಟ್ಟಿತು. ಹೆತ್ತವಳ ಮುಖ ಒಂದು ಗೀಟಿನಷ್ಟೂ ನನ್ನಲ್ಲಿ ಉಳಿದಿಲ್ಲ ಎಂದು ದುಃಖವಾಗುತ್ತದೆ, ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಅವಳನ್ನು ಹುಡುಕಿಕೊಂಡು ಹೊರಟವಳು ಬಂದು ಮುಟ್ಟಿದ್ದು ನಿನ್ನನ್ನೇ. ನೀನು ಯಾವುದಕ್ಕೆ ಹೆದರಿ ನನ್ನನ್ನು ತಡೆದೆಯೋ ಅದು ಆಗಲಿಲ್ಲ ಅವ್ವ, ಆಗುವುದೂ ಇಲ್ಲ.

ಅಕ್ಕನ ನೆನಪೂ ಎಲ್ಲ ಸರಿ ಎಂದು ನನಗೆ ಅನ್ನಿಸುವುದಿಲ್ಲ. ಹೊರಡುವಾಗ ನಾನು ಊರು ಒಂದಾಗುವ ಹಾಗೆ ಅತ್ತೆ ಅನ್ನುತ್ತಾಳೆ. ನನಗೆ ನೆನಪಿರುವುದು ಬಸ್ಸಿನ ಕಿಟಕಿ, ಕೈಯಲ್ಲಿ ಏನೋ ಸಿಹಿ. ಅತ್ತದ್ದು ನೋಡಿದ್ದೀಯಾ ಎಂದು ಕೇಳಿದರೆ, 'ಅಳ್ದೆ ಓಗ್ತವಾ ಮಕ್ಳು' ಎನ್ನುತ್ತಾಳೆ. ನೋಡಿದೆಯಾ, ಬಸವೇಶರ ಕಿಟಕಿಯ ಹಾಗೇ! ನಾನೂ ಅವಳೂ ಇದಕ್ಕೆ ಎಷ್ಟು ಹೊತ್ತು ಜಗಳವಾಡಿದೆವು ಎಂದರೆ ಅವಳ ಎಣ್ಣೆ ಕಾದು ಹೊಗೆ ಬಂತು. ಸತ್ಯ ಗೊತ್ತಿರುವವಳು ಈಗ ನೀನೊಬ್ಬಳೇ. ಅತ್ತೆನಾ ಅವ್ವ? ನೀನು ನನಗೆ ಏನು ತಿನ್ನಿಸಿದೆ? ಆ ಮನೆಯ ಬಾಗಿಲು ಯಾವ ಕಡೆಗಿತ್ತು? ನನ್ನ ಪ್ಲಾನಿನಲ್ಲಿ ಎಲ್ಲವನ್ನೂ ಹೊಡೆದುಹಾಕಿ ಕೂತಿದ್ದೇನೆ, ಹೊಸದಾಗಿ ಬರೆಯಬೇಕು. ಕೋಪ ಇದ್ದರೂ ಇರಲಿ, ಇದಿಷ್ಟನ್ನು ಹೇಳು.

ಬುಧವಾರ ಸಂಜೆ ಬರುತ್ತೇನೆ. ಬಾಗಿಲು ಹಾಕಿಕೊಂಡು ಕೂರುವುದಾದರೆ ಕೂರು, ಜಗಲಿಯ ಮೇಲೆ ಮಲಗುತ್ತೇನೆ, ಊರವರು ಆಡಿಕೊಳ್ಳುವುದು ನಿನ್ನನ್ನೇ. ನನಗೆ ಅಕ್ಕನೂ ಬೇಕು ನೀನೂ ಬೇಕು. ಒಂದನ್ನು ಆರಿಸು ಎಂದರೆ ಆಗುವುದಿಲ್ಲ ಎಂದು ಈಗಲೇ ಹೇಳಿದ್ದೇನೆ, ಆಮೇಲೆ ಮೊಂಡಿ ಎನ್ನಬೇಡ.

ರಕ್ತದೊತ್ತಡದ ಮಾತ್ರೆ ರಾತ್ರಿಯದು, ಬೆಳಿಗ್ಗೆಯದಲ್ಲ.

ನೀನು ತಲೆ ಬಾಚಿ ಕರೆತಂದ
ಕವಿತ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ನನ್ನನ್ನು ಬಸ್ಸು ಹತ್ತಿಸುವಾಗ ಅಕ್ಕ ಒಂದು ಮಾತು ಹೇಳಿದಳು. ಆವತ್ತು ನೀನು ನನ್ನ ಸಿಕ್ಕು ಬಿಡಿಸುತ್ತಿದ್ದಾಗ, ಅವಳೂ ತನ್ನ ಜಡೆ ಬಿಚ್ಚಿಕೊಂಡು ಬಂದು ನಿನ್ನ ಕಾಲ ಹತ್ತಿರ ಕೂತಿದ್ದಳಂತೆ, ಮುಂದಿನದು ತನ್ನ ಸರದಿ ಎಂದು. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು ಎಂದು ಅಪ್ಪ ಕೂಗಿದರಂತೆ, ನೀನು ಬಾಚಣಿಗೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದೆಯಂತೆ. ಒಬ್ಬಳೇ ಉಳಿದಿದ್ದ ಮಗು ಎಂದು ನೀನು ಯಾವಾಗಲೂ ಹೇಳುತ್ತೀಯ ಎನ್ನುವುದನ್ನು ನಾನು ಅವಳಿಗೆ ಹೇಳಿರಲಿಲ್ಲ, ಆದರೂ ಕೇಳಿದಳು. 'ಆ ಮನೇಲಿ ಇಬ್ರಿದ್ದದ್ದು ಅವ್ರಿಗೆ ಗ್ಯಾಪಕ ಅದಾ ಅಂತ ಕೇಳು, ಬ್ಯಾರೇನೂ ಬ್ಯಾಡ' ಎಂದಳು.